ಪ್ರಶ್ನೆಯ ದಿನದ ಮಾತು

ಕಾವಲಿಯ ಮೇಲಿದ್ದ ನಾಲ್ಕನೇ ಸುತ್ತಿನ ಸ್ಕೋನು ರೊಟ್ಟಿಗಳನ್ನು ಮುರ್ದಿನಾ ತಿರುವಿಹಾಕುತ್ತಿದ್ದಳು. ಮನೆಯಲ್ಲಿ ಒಂಬತ್ತು ಮಂದಿ ಅತಿಥಿಗಳು. ಗುರುವಾರದಿಂದ ಸೋಮವಾರದವರೆಗೆ ಊರಿನ ಯಾವ ಮನೆಯಲ್ಲೂ ಹಾಸಿಗೆ ಖಾಲಿ ಇರುವುದಿಲ್ಲ. ಭಾನುವಾರ ಪ್ರಭುಭೋಜನ, ಪ್ರಭುವಿನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ಅದಕ್ಕಾಗಿ ದ್ವೀಪದ ಮೂಲೆಮೂಲೆಯಿಂದ ಜನ ಬರುತ್ತಾರೆ, ದಿನಕ್ಕೆರಡು ಸಲ ದೇವಾಲಯಕ್ಕೆ ಹೋಗುತ್ತಾರೆ, ನಡುವೆ ತಿನ್ನುತ್ತಾರೆ.

ದ್ವೀಪದ ದಕ್ಷಿಣದ ಹ್ಯಾರಿಸ್ ಕಡೆಯಿಂದ ಪ್ರತಿ ವರ್ಷ ಬರುವ ಎಫಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು, ಬಿಸಿ ಸ್ಕೋನಿಗೆ ಬೆಣ್ಣೆ ಸವರುತ್ತಿದ್ದಳು.

"ನಿನ್ನ ಪಕ್ಕದ ಮನೆಯವನು ನಿನ್ನೆ ಕೀರ್ತನೆ ಎತ್ತುವಾಗ ಮೂರನೇ ಬೆಂಚಿನ ಕಡೆನೇ ನೋಡ್ತಿದ್ದ. ಅಲ್ಲೇನು ಬರ್ದಿತ್ತು?"

"ಮೂರನೇ ಬೆಂಚಲ್ಲಿ ನೀವೂ ಕೂತಿದ್ರಿ ಎಫಿ ಅಕ್ಕ. ನಿಮ್ಮನ್ನೇ ನೋಡಿರಬೇಕು."

"ಹಾಗಿದ್ರೆ ಅವನಿಗೆ ಕನ್ನಡಕ ಮಾಡಿಸ್ಬೇಕು." ಎಫಿ ಬೆರಳು ನೆಕ್ಕಿಕೊಂಡಳು. "ಈ ಸಲ ಮುಂದೆ ಹೋಗ್ತೀಯಂತೆ?"

"ಯಾರು ಹೇಳಿದ್ರು?"

"ಹೇಳಿದ್ದು ಇಂಥವರು ಅಂತ ಇಲ್ಲಮ್ಮ. ಎಲ್ರೂ ಹೇಳ್ತಿದಾರೆ."

ಮುಂದೆ ಹೋಗುವುದೆಂದರೆ ಪಾದ್ರಿ ಮತ್ತು ಸಭೆಯ ಹಿರಿಯರು ಕೂತಿರುವ ದೇವಾಲಯದ ಒಳಕೋಣೆಗೆ ಹೋಗಿ, ತನ್ನ ಆತ್ಮದ ಸ್ಥಿತಿ ಹೇಳಿಕೊಂಡು, ಪ್ರಭುವಿನ ಮೇಜಿನಲ್ಲಿ ಕೂರುವ ಅಪ್ಪಣೆ ಕೇಳುವುದು. ಊರಿನ ಅರ್ಧಕ್ಕೂ ಹೆಚ್ಚು ಜನ ಅದನ್ನು ಜೀವಮಾನವಿಡೀ ಮಾಡುವುದಿಲ್ಲ. ದಿನಾ ಬೈಬಲ್ ಓದುತ್ತಾರೆ, ಒಂದು ಆರಾಧನೆಯನ್ನೂ ತಪ್ಪಿಸುವುದಿಲ್ಲ. ಆದರೆ ಮೇಜಿನ ಮಾತು ಬಂದರೆ, ಅದಕ್ಕೆ ನನಗೆಲ್ಲಿ ಯೋಗ್ಯತೆ ಎನ್ನುತ್ತಾರೆ. ಮುರ್ದಿನಾಳ ತಾಯಿ ಹಾಗೆಂದೇ ಎಪ್ಪತ್ತೆರಡು ವರ್ಷ ಬದುಕಿ ತೀರಿಕೊಂಡಿದ್ದಳು. ಮುರ್ದಿನಾಳಿಗೆ ಈಗ ನಲವತ್ತೇಳು.

ಪಕ್ಕದ ಮನೆಯ ಟಾರ್ಮೊಡ್ ಅವಳ ಜೊತೆ ಶಾಲೆಗೆ ಹೋದವನು. ಹೆಂಡತಿ ತೀರಿಹೋಗಿ ಆರು ವರ್ಷ. ಅವಳ ಮನೆಯ ಗೋಡೆಗೆ ತಾಗಿದ ಶೆಡ್ಡಿನಲ್ಲಿ ಮಗ್ಗ ಹಾಕಿಕೊಂಡು ಉಣ್ಣೆಯ ಬಟ್ಟೆ ನೇಯುತ್ತಾನೆ. ದೇವಾಲಯದಲ್ಲಿ ಪಾದ್ರಿಯ ಪೀಠದ ಕೆಳಗಿನ ಪುಟ್ಟ ಕಟಕಟೆಯಲ್ಲಿ ನಿಂತು ಕೀರ್ತನೆಯ ಒಂದೊಂದು ಸಾಲನ್ನೂ ಮೊದಲು ತಾನು ಎತ್ತಿಕೊಡುತ್ತಾನೆ. ಆಮೇಲೆ ಸಭೆಯೆಲ್ಲ ಅವನ ಹಿಂದೆ ಹಾಡುತ್ತದೆ. ಅವನ ಅಪ್ಪನೂ ಅಲ್ಲೇ ನಿಂತು ಹಾಡಿದವನು.

ಎರಡು ಚಳಿಗಾಲದಿಂದ ಅವನು ಮೀನು, ಒಲೆ ಉರಿಸುವ ಒಣ ಪೀಟ್ ಮಣ್ಣಿನ ಹೆಂಟೆ, ಏನಾದರೊಂದು ನೆಪ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದ. ಕಟಕಟೆಯಲ್ಲಿ ನಿಲ್ಲುವವನು ಮೇಜಿಗೆ ಬಾರದ ಹೆಂಗಸನ್ನು ಮದುವೆಯಾಗಬಾರದೆಂದು ಎಲ್ಲೂ ಬರೆದಿಲ್ಲ. ಯಾರೂ ಆಗಿಲ್ಲ, ಅಷ್ಟೇ. ಹಾಗಾಗಿ ಊರಿನ ಲೆಕ್ಕ ಸರಳವಾಗಿತ್ತು: ಅವಳು ಮುಂದೆ ಹೋಗುತ್ತಾಳೆ, ಆಮೇಲೆ ಅವನು ಕೇಳುತ್ತಾನೆ.

ಈ ಲೆಕ್ಕವೇ ಮುರ್ದಿನಾಳ ಕಾಲನ್ನು ಕಟ್ಟಿಹಾಕಿತ್ತು. ಏಕೆಂದರೆ ಅವಳಿಗೆ ನಿಜವಾಗಿಯೂ ಹೋಗಬೇಕೆನಿಸಿತ್ತು. ವಸಂತದಿಂದಲೂ ಅನಿಸುತ್ತಿತ್ತು. ಟಾರ್ಮೊಡ್‌ಗಾಗಿ ಅಲ್ಲ. ಆದರೆ ಅಲ್ಲ ಎಂದು ಆಣೆ ಮಾಡಿ ಹೇಳುವಷ್ಟು ಧೈರ್ಯ ಅವಳಿಗೆ ತನ್ನ ಮೇಲೇ ಇರಲಿಲ್ಲ.

ಎರಡು ವರ್ಷದಿಂದ ಅವಳ ಆರೈಕೆಯಲ್ಲಿದ್ದ ಪೆಗಿ ದೊಡ್ಡಮ್ಮ ಮಲಗುವ ಕೋಣೆಯಿಂದ ಕೋಲು ಕುಟ್ಟಿದಳು. "ನನ್ನ ಕಾಲು ತೊಳೆಯೋಕೆ ಯಾವಾಗ ಬರ್ತೀಯ? ಕರ್ತನ ಎರಡನೇ ಬರೋಣಕ್ಕಾ?"

"ಬಂದೆ ದೊಡ್ಡಮ್ಮ," ಎಂದು ಮುರ್ದಿನಾ ನೀರು ಬಿಸಿಗಿಟ್ಟಳು.

*

ಅಂದು ಶುಕ್ರವಾರ, ಪ್ರಶ್ನೆಯ ದಿನ. ಅಂದು ಪಾದ್ರಿಯ ಬೋಧನೆ ಇಲ್ಲ. ಒಬ್ಬ ಹಿರಿಯ ಎದ್ದು ಒಂದು ವಚನ ಓದಿ, ನಿಜವಾದ ವಿಶ್ವಾಸಿಯ ಗುರುತುಗಳೇನು ಎಂದು ಕೇಳುತ್ತಾನೆ. ಪಾದ್ರಿ ಹೆಸರು ಕರೆದಂತೆ ಗಂಡಸರು ಒಬ್ಬೊಬ್ಬರಾಗಿ ಎದ್ದು ತಮ್ಮ ಅನುಭವ ಹೇಳುತ್ತಾರೆ. ಹೆಂಗಸರು ಕೇಳುತ್ತಾರೆ.

ನಾಲ್ಕು ಜನ ಮಾತಾಡಿದರು. ಕಣ್ಣೀರು, ಪಶ್ಚಾತ್ತಾಪ, ಲೋಕದ ಮೇಲಿನ ಜುಗುಪ್ಸೆ. ಮುರ್ದಿನಾ ಒಂದೊಂದನ್ನೂ ತನಗೆ ಹಚ್ಚಿ ನೋಡಿ ಕೆಳಗಿಟ್ಟಳು. ಐದನೆಯವನಾಗಿ ಟಾರ್ಮೊಡ್‌ನ ಹೆಸರು ಬಂತು.

ಅವನು ಎದ್ದು ನಿಂತು ಬೆಂಚಿನ ಅಂಚನ್ನು ಹಿಡಿದುಕೊಂಡ. ಹಾಡಲು ಹೆದರದವನು ಮಾತಿಗೆ ಹೆದರುತ್ತಿದ್ದ.

"ನನಗೆ ಗುರುತುಗಳು ಅಷ್ಟಾಗಿ ಗೊತ್ತಿಲ್ಲ. ಮೇಜಿಗೆ ಬಾರದ ಒಬ್ರು ಗೊತ್ತು. ತನ್ನ ಹತ್ರ ಒಂದು ಒಳ್ಳೆ ಮಾತೂ ಆಡದವರ ಕಾಲನ್ನ ಎರಡು ವರ್ಷದಿಂದ ತೊಳೀತಿದಾರೆ. ಪ್ರೀತಿ ಬಂದ್ಮೇಲೆ ತೊಳೆಯೋಕೆ ಶುರು ಮಾಡಿದ್ದಲ್ಲ. ತೊಳೀತಾ ತೊಳೀತಾ ಪ್ರೀತಿ ಬಂತು. ನಾನು ಕಂಡಿರೋ ಗುರುತು ಇದೊಂದೇ."

ಅವನು ಕೂತ. ಹೆಸರು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹೆಂಗಸರ ಟೋಪಿಗಳೆಲ್ಲ ಒಂದಿಷ್ಟು ಮೂರನೇ ಬೆಂಚಿನ ಕಡೆ ವಾಲಿದವು. ಎಫಿ ಅವಳ ಮಂಡಿಯನ್ನು ಮೆಲ್ಲಗೆ ಒತ್ತಿದಳು. ಮುರ್ದಿನಾ ಕೈಯಲ್ಲಿದ್ದ ಕೀರ್ತನೆ ಪುಸ್ತಕದ ಅಕ್ಷರಗಳನ್ನೇ ನೋಡುತ್ತಿದ್ದಳು.

*

ಮಧ್ಯಾಹ್ನ ಅತಿಥಿಗಳ ಊಟ ಮುಗಿಸಿ ಅವಳು ನೇರ ಮಗ್ಗದ ಶೆಡ್ಡಿಗೆ ಹೋದಳು. ಪ್ರಭುಭೋಜನದ ಈ ದಿನಗಳಲ್ಲಿ ಮಗ್ಗ ಆಡುವುದಿಲ್ಲ. ಅವನು ಸುಮ್ಮನೆ ನೂಲಿನ ಚೀಲಗಳ ನಡುವೆ ಕೂತಿದ್ದ, ಬಯ್ಯಿಸಿಕೊಳ್ಳಲು ಕಾದವನಂತೆ.

"ಅವರ ಮುಂದೆ ಯಾಕೆ ಹಾಗಂದೆ?"

"ಹೆಸರು ಕರೆದ್ರು. ಎದ್ದೆ. ಬೇರೆ ಯಾವ ಮಾತೂ ನೆನಪಿಗೆ ಬರ್ಲಿಲ್ಲ."

"ಈಗ ನಾನು ಮುಂದೆ ಹೋದ್ರೆ ನೀನು ತಳ್ಳಿದ್ದಕ್ಕೆ ಹೋದ್ಲು ಅಂತಾರೆ. ಹೋಗದಿದ್ರೆ ಅಷ್ಟು ಹೇಳಿದ್ರೂ ಹೋಗ್ಲಿಲ್ಲ ಅಂತಾರೆ. ಎರಡು ಬಾಗಿಲೂ ಹಾಕ್ಬಿಟ್ಟೆ ನೀನು."

"ಹೌದು. ಕೂತ್ಮೇಲೆ ಗೊತ್ತಾಯ್ತು."

"ಸಾಲದ್ದಕ್ಕೆ ಅದು ಸುಳ್ಳು ಬೇರೆ. ಇವತ್ತು ಬೆಳಗ್ಗೆನೂ ಬೋಗುಣಿ ಎತ್ತಿ ಕುಕ್ಕಿದೀನಿ ನಾನು. ದೊಡ್ಡಮ್ಮನಿಗೆ ಏನೇನು ಅಂದೆ ಗೊತ್ತಾ?"

"ಗೊತ್ತು. ಗೋಡೆಯಾಚೆ ಇರೋನಿಗೆ ಕೇಳಿಸಲ್ವಾ?" ಅವನ ಕಣ್ಣಂಚಿನಲ್ಲಿ ನಗು ಇಣುಕಿ, ಅವಳ ಮುಖ ನೋಡಿ ಹಿಂದಕ್ಕೆ ಹೋಯಿತು. "ಆಮೇಲೆ ನೀರು ಆರಿತು ಅಂತ ಇನ್ನೊಂದು ಸಲ ಕಾಯಿಸಿದ್ದೂ ಕೇಳಿಸ್ತು."

ಅವಳು ಒಂದು ನೂಲಿನ ಚೀಲವನ್ನು ಪಕ್ಕಕ್ಕೆ ಸರಿಸಿದಳು.

"ನನ್ನ ಮನೆಯ ಸದ್ದೆಲ್ಲ ಕೇಳಿಸ್ಕೊಂಡು ಕೂತಿರ್ತೀಯಾ?"

"ಎಲ್ಲಾ ಅಲ್ಲ. ಸಂಜೆ ಏಳು ಗಂಟೆಗೆ ದೊಡ್ಡಮ್ಮನಿಗೆ ಕೀರ್ತನೆ ಓದ್ತೀಯಲ್ಲ, ಅದನ್ನ. ಆಗ ಮಗ್ಗ ನಿಲ್ಲಿಸ್ತೀನಿ."

"ನೀನು ಟೀ ಕುಡಿಯೋಕೆ ನಿಲ್ಲಿಸ್ತೀಯ ಅಂದ್ಕೊಂಡಿದ್ದೆ."

"ಟೀ ಎಂಟಕ್ಕೆ." ಅವನು ಒಂದು ಎಳೆ ನೂಲನ್ನು ಬೆರಳಿಗೆ ಸುತ್ತಿದ. "ಮೊದಲು ನೀನು ಅಂಗಡಿ ಪಟ್ಟಿ ಓದೋ ಹಾಗೆ ಓದ್ತಿದ್ದೆ. ಒಂದಿನ ದೊಡ್ಡಮ್ಮನ ಗೊರಕೆ ಕೇಳಿಸ್ತಿತ್ತು, ನೀನು ಮಾತ್ರ ಓದ್ತಾನೇ ಇದ್ದೆ. ಅವತ್ತು ನಾನು ಅಂದ್ಕೊಂಡೆ, ಈಗ ಇವಳು ಓದ್ತಿರೋದು ದೊಡ್ಡಮ್ಮನಿಗಲ್ಲ ಅಂತ."

ಅದು ಮೇ ತಿಂಗಳ ಒಂದು ಮಂಗಳವಾರ. ಆ ದಿನ ಅವಳಿಗೂ ನೆನಪಿತ್ತು. ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಲು ಅಲ್ಲೇನೂ ನಡೆದಿರಲಿಲ್ಲ: ಹೊರಗೆ ಇನ್ನೂ ಬೆಳಕಿತ್ತು, ಮುದುಕಿ ನಿದ್ದೆಹೋಗಿದ್ದಳು, ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ. ಆಗ ಯಾರೋ ಆಲಿಸುತ್ತಿದ್ದಾರೆ ಎನಿಸಿತ್ತು. ಈಗ ನೋಡಿದರೆ ಆಲಿಸಿದವರು ಇಬ್ಬರು, ಒಬ್ಬ ಗೋಡೆಯಾಚೆ.

ಶೆಡ್ಡಿನ ಕಿಟಕಿಯಿಂದ ಬಿದ್ದ ಬೆಳಕು ಅವನ ತೋಳಿನ ನರೆತ ಕೂದಲ ಮೇಲೆ ನಿಂತಿತ್ತು. ಅವಳು ನೋಡಿದಳು. ನೋಡಿದ್ದನ್ನು ಅವನು ನೋಡಿದ. ಇಬ್ಬರೂ ಮಗ್ಗದ ಕಡೆ ತಿರುಗಿದರು.

"ಸೋಮವಾರ ಪಾದ್ರಿಗಳ ಹತ್ರ ಹೋಗ್ತೀನಿ," ಎಂದ ಟಾರ್ಮೊಡ್. "ಕಟಕಟೆ ಬೇರೆಯವರಿಗೆ ಕೊಡಿ ಅಂತೀನಿ. ಆಮೇಲೆ ನಿನ್ನನ್ನ ಕೇಳ್ತೀನಿ. ಏನು ಅಂತ ನಿನಗೆ ಗೊತ್ತು."

"ನಿನಗೆ ತಲೆ ಕೆಟ್ಟಿದೆ. ಅದು ನಿಮ್ಮಪ್ಪ ನಿಂತ ಜಾಗ."

"ಬೆಂಚಲ್ಲಿ ಕೂತ್ರೂ ಗಂಟಲು ಅದೇ ಇರುತ್ತೆ. ನೀನು ನನಗೋಸ್ಕರ ಮೇಜಿಗೆ ಹೋಗೋದು ಬೇಡ ಮುರ್ದಿನಾ. ನನಗೋಸ್ಕರ ಹೋಗದೆ ಇರೋದೂ ಬೇಡ. ನಾನು ಮಧ್ಯದಿಂದ ಎದ್ದುಹೋಗ್ತೀನಿ, ಅಷ್ಟೇ. ನೀನು ಹೇಗಿದ್ರೂ ನಾನು ಕೇಳೋದು ಕೇಳ್ತೀನಿ."

"ನಾನು ಇನ್ನೂ ಏನೂ ಹೇಳಿಲ್ಲ."

"ಗೊತ್ತು. ಸೋಮವಾರದವರೆಗೆ ನಾನೂ ಕೇಳಿಲ್ಲ. ನಾಳೆ ನಾಡಿದ್ದು ಮೂರನೇ ಬೆಂಚಿನ ಕಡೆ ನೋಡೋದೂ ಇಲ್ಲ."

"ಎಫಿ ಅಕ್ಕನಿಗೆ ಬೇಜಾರಾಗುತ್ತೆ," ಎಂದಳು ಮುರ್ದಿನಾ. ಹೊಸ್ತಿಲು ದಾಟುವಾಗ ಅವನ ನಗು ಹಿಂದಿನಿಂದ ಕೇಳಿಸಿತು.

*

ಶನಿವಾರ ಅವಳು ಭಾನುವಾರಕ್ಕೆ ಬೇಕಾದ ಆಲೂಗೆಡ್ಡೆಯನ್ನೆಲ್ಲ ಸುಲಿದು ನೀರಿಗೆ ಹಾಕಿಟ್ಟಳು. ಆಮೇಲೆ ದೊಡ್ಡಮ್ಮನ ಕೂದಲು ಬಾಚಲು ಕೂತಳು.

"ನಿಮ್ಮಮ್ಮ, ನಾನು ಒಂದೇ ಬೆಂಚಲ್ಲಿ ಕಾದ್ವಿ," ಎಂದಳು ಪೆಗಿ, ಯಾರೂ ಏನೂ ಕೇಳದೆ. "ಮನಸ್ಸು ತೊಳೆದ ಹಾಗಾಗ್ಲಿ, ಆಮೇಲೆ ಹೋಗೋಣ ಅಂತ. ಅದನ್ನ ನಮ್ರತೆ ಅಂದ್ಕೊಂಡಿದ್ವಿ. ಈಗ ಅನ್ಸುತ್ತೆ, ಕೊಳಕಾಗಿರೋದನ್ನ ನಾಲ್ಕು ಜನ ನೋಡ್ತಾರಲ್ಲ ಅನ್ನೋ ಹೆದರಿಕೆ ಅಷ್ಟೇ."

ಮುರ್ದಿನಾಳ ಕೈ ನಿಂತಿತು.

"ಯಾಕೆ ನಿಲ್ಲಿಸ್ದೆ? ಎಡಗಡೆ ಇನ್ನೂ ಸಿಕ್ಕಿದೆ. ಮೆತ್ತಗೆ. ಕುರಿಯ ಉಣ್ಣೆ ಅಲ್ಲ ಅದು."

"ಸರಿ ದೊಡ್ಡಮ್ಮ."

ಸಂಜೆಯ ಆರಾಧನೆ ಮುಗಿಯುವಾಗ ಟಾರ್ಮೊಡ್ ಕೊನೆಯ ಕೀರ್ತನೆ ಎತ್ತಿದ. ಒಂದು ಸಾಲು ಒಂಟಿಯಾಗಿ ಹೊರಟು, ಅದರ ಹಿಂದೆ ನೂರಾರು ಗಂಟಲುಗಳು, ತಮ್ಮ ತಮ್ಮ ದಾರಿಯಲ್ಲಿ ಏರಿಳಿದು, ಎಲ್ಲೋ ಒಂದು ಕಡೆ ಕೂಡಿಕೊಂಡವು. ಅವನು ಮಾತು ಉಳಿಸಿಕೊಂಡ. ಕಿಟಕಿ ನೋಡಿದ, ಪುಸ್ತಕ ನೋಡಿದ, ಮೂರನೇ ಬೆಂಚನ್ನು ಮಾತ್ರ ನೋಡಲಿಲ್ಲ. ಅವಳಿಗೆ ಮೊದಲ ಸಲ ಅವನನ್ನು ನೆಮ್ಮದಿಯಾಗಿ ನೋಡಲು ಸಿಕ್ಕಿತು. ಎತ್ತರದ ಸ್ವರಕ್ಕೆ ಹೋಗುವಾಗ ಅವನು ಹಿಮ್ಮಡಿ ಎತ್ತುತ್ತಿದ್ದ. ಸೋಮವಾರ ಬಿಟ್ಟುಕೊಡಲಿರುವ ಜಾಗದಲ್ಲಿ ನಿಂತಿದ್ದರೂ ದನಿ ಅಲುಗಲಿಲ್ಲ.

ಅವಳು ಹೇಗಿದ್ದರೂ ಸರಿಯೆಂದು ಒಬ್ಬ ಮನುಷ್ಯ ಹೇಳಿದ್ದ. ಬೋಗುಣಿ ಕುಕ್ಕಿದ್ದು ಕೇಳಿಸಿಕೊಂಡೂ ಹೇಳಿದ್ದ. ಒಬ್ಬ ನೇಕಾರನ ಪ್ರೀತಿಯೇ ಅವಳು ಸರಿಹೋಗಲೆಂದು ಕಾಯದೆ ಬರುವುದಾದರೆ, ಅವಳು ನಲವತ್ತೇಳು ವರ್ಷ ದೇವರನ್ನು ಅದಕ್ಕಿಂತ ಕಡಿಮೆಯವನೆಂದು ಎಣಿಸಿದ್ದಳು.

ಆಶೀರ್ವಾದ ಆಯಿತು. ಜನ ಎದ್ದರು. ಪಾದ್ರಿಯೂ ಹಿರಿಯರೂ ಒಳಕೋಣೆಗೆ ಹೋಗಿ ಬಾಗಿಲನ್ನು ಓರೆಯಾಗಿ ಬಿಟ್ಟರು. ಟಾರ್ಮೊಡ್ ಟೋಪಿ ಕೈಯಲ್ಲಿ ಹಿಡಿದು ಅವಳ ಬೆಂಚಿನ ಪಕ್ಕದಲ್ಲೇ, ನೆಲ ನೋಡುತ್ತ, ಹೊರಗೆ ನಡೆದ.

"ಬಾ, ಕಾರಲ್ಲಿ ಜಾಗ ಇದೆ," ಎಂದಳು ಎಫಿ.

"ನೀವು ಹೋಗಿ ಅಕ್ಕ. ಹೊರಗೆ ಇನ್ನೂ ಬೆಳಕಿದೆ, ನಡ್ಕೊಂಡು ಬರ್ತೀನಿ."

ಎಫಿ ಒಂದು ಕ್ಷಣ ಅವಳನ್ನು ನೋಡಿ, ಕೊರಳಿನ ಸ್ಕಾರ್ಫ್ ಸರಿಮಾಡಿಕೊಂಡು ಹೊರಟಳು.

ಅವನಿಗಾಗಿ ಹೋದಳು ಎಂದು ಊರು ಹೇಳುತ್ತದೆ. ಅವಳು ಬದುಕಿರುವವರೆಗೂ ಹೇಳುತ್ತದೆ, ಸತ್ತ ಮೇಲೂ ಕೆಲವು ವರ್ಷ ಹೇಳುತ್ತದೆ. ಅದರಲ್ಲಿ ಒಂದಿಷ್ಟು ನಿಜವೂ ಇರಬಹುದು. ಆ ನಿಜವನ್ನೂ ಒಳಕೋಣೆಗೇ ತೆಗೆದುಕೊಂಡು ಹೋಗುವುದೆಂದು ಮುರ್ದಿನಾ ನಿಶ್ಚಯಿಸಿದಳು. ಹೊರಗೆ ಕೊನೆಯ ಕಾರು ಹೊರಡುವವರೆಗೆ ಕಾದು, ಕೋಟಿನ ಗುಂಡಿ ಹಾಕಿಕೊಂಡು, ಬೆಂಚಿನಿಂದ ಎದ್ದು ಆ ಓರೆ ಬಾಗಿಲ ಕಡೆ ತಿರುಗಿದಳು.