ತೊಂಬತ್ತೇಳನೆಯ ದಿನದ ಚೀಟಿ

"ಗಂಡ ಜೈಲಿಗೆ ಹೋದ್ರೂ ತಡ್ಕೊಳ್ತೀನಿ ಅಮ್ಮ. ತಿಮ್ಮಪ್ಪನ್ನ ಕೊಂದೋನು ಅಂತ ಊರೆಲ್ಲ ಆಡೋದನ್ನ ಹ್ಯಾಂಗೆ ಕೇಳ್ಕೊಂಡಿರ್ಲಿ?"

ಇಷ್ಟು ಹೇಳಿ ಸೀತಕ್ಕ ಸರ್ವಮಂಗಳಮ್ಮನವರ ಜಗಲಿಯ ಮೇಲೆ ಕುಸಿದು ಕುಳಿತಳು. ಪಕ್ಕದಲ್ಲಿದ್ದ ವೆಂಕಟರಮಣ ಕಾಫಿ ಲೋಟ ಕೆಳಗಿಟ್ಟ. ಕೊಪ್ಪದಲ್ಲಿ ಟೈಪಿಂಗ್ ಶಾಲೆ ನಡೆಸುವ ಈ ಮನುಷ್ಯ, ನಿವೃತ್ತ ಪೋಸ್ಟ್ ಮಾಸ್ಟರ್ ಸರ್ವಮಂಗಳಮ್ಮನವರು ಬಿಡಿಸಿದ ಒಗಟುಗಳಿಗೆಲ್ಲ ಸಾಕ್ಷಿ. ತಾನಾಗಿ ಒಂದನ್ನೂ ಬಿಡಿಸಿದವನಲ್ಲ, ಅದಕ್ಕಾಗಿ ಬೇಸರ ಪಟ್ಟುಕೊಂಡವನೂ ಅಲ್ಲ.

ಅದು 2006ರ ನವೆಂಬರ್. ವನಮಾಲಾ ಎಂಬಾಕೆಯ ನಾಲ್ಕು ಖಾಸಗಿ ಬಸ್ಸುಗಳಲ್ಲಿ ಒಂದು, ಬೆಳಗ್ಗೆ ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವಾಗ ಸೀತೂರಿನ ಹತ್ತಿರದ ಇಳಿಜಾರಿನಲ್ಲಿ ಹಳ್ಳಕ್ಕೆ ಬಿದ್ದಿತ್ತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ತಿಮ್ಮಪ್ಪ ಸತ್ತುಹೋದ. ಡ್ರೈವರ್ ಜಟ್ಟಪ್ಪನ, ಅಂದರೆ ಸೀತಕ್ಕನ ಗಂಡನ, ಕಾಲು ಮುರಿಯಿತು. ಬ್ರೇಕ್ ಹಿಡಿಯಲಿಲ್ಲ ಎಂದು ಅವನೆಂದ. ಅತಿವೇಗ ಎಂದರು ಪೊಲೀಸರು. ಬ್ರೇಕಿನ ಪೈಪು ಒಡೆದಿದ್ದೇನೋ ನಿಜ, ಅದು ಬಸ್ಸು ಬಿದ್ದ ಹೊಡೆತಕ್ಕೆ ಒಡೆದದ್ದು ಎಂಬುದು ಅವರ ವಾದ. ಹಿಂದಿನ ಸಂಜೆ ಜಟ್ಟಪ್ಪನೇ 'ಎಲ್ಲ ಸರಿ' ಎಂದು ಬರೆದುಕೊಟ್ಟ ಚೀಟಿಯೂ ಅವರ ಕೈಯಲ್ಲಿತ್ತು.

"ಅವರು ಹಂಗೆ ಬರ್ದಿಲ್ಲ," ಎಂದಳು ಸೀತಕ್ಕ. "ಬ್ರೇಕ್ ಮೆತ್ತಗಾಗಿದೆ ಅಂತ ಬರ್ದು ಡಬ್ಬಿಗೆ ಹಾಕಿದೀನಿ ಅಂತ ಊಟಕ್ಕೆ ಕೂತಾಗ ನನ್ನ ಹತ್ರ ಹೇಳಿದ್ರು. ಹೆಂಡ್ತಿ ಮಾತು ಅಂತ ಸ್ಟೇಷನ್ನಲ್ಲಿ ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ."

ಸರ್ವಮಂಗಳಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ನಡಿ ಮಾರಾಯ, ಆ ಡಬ್ಬಿ ನೋಡ್ಕೊಂಡು ಬರೋಣ."

ಬಸ್ಸಿನ ಶೆಡ್ಡಿನ ಗೋಡೆಯಲ್ಲಿ 'ಅಪಘಾತವಿಲ್ಲದ ದಿನಗಳು' ಎಂಬ ಕಪ್ಪು ಹಲಗೆ, ಅದರ ಕೆಳಗೆ ಬೀಗವಿಲ್ಲದ ತಗಡಿನ ಡಬ್ಬಿ. ಡ್ರೈವರುಗಳು ಹುಷಾರಾಗಿ ಓಡಿಸಲೆಂದು ವನಮಾಲಾ ತಾವೇ ಮಾಡಿದ ವ್ಯವಸ್ಥೆಯಿದು. ನೂರು ದಿನ ತುಂಬಿದರೆ ಪ್ರತಿಯೊಬ್ಬರ ಮನೆಗೂ ಒಂದೊಂದು ಪ್ರೆಶರ್ ಕುಕ್ಕರ್. ಅಪಘಾತವಾದರೂ, ರಿಪೇರಿಗೆಂದು ಬಸ್ಸಿನ ಒಂದು ಟ್ರಿಪ್ ತಪ್ಪಿದರೂ ಎಣಿಕೆ ಮತ್ತೆ ಸೊನ್ನೆಯಿಂದ. ಬಸ್ಸಿನ ದೋಷವನ್ನು ಯಾರೂ ಬಾಯಲ್ಲಿ ಹೇಳುವಂತಿಲ್ಲ, ಚೀಟಿಯಲ್ಲೇ ಬರೆಯಬೇಕು. ಬಸ್ಸು ಬಿದ್ದದ್ದು ತೊಂಬತ್ತೇಳನೆಯ ದಿನ.

"ಎರಡು ಬಸ್ಸು ಬಾಳೆಹೊನ್ನೂರಲ್ಲೇ ಹಾಲ್ಟ್," ಎಂದರು ವನಮಾಲಾ. "ಇಲ್ಲಿ ನಿಲ್ಲೋದು ಜಟ್ಟಪ್ಪಂದು, ಭೈರಪ್ಪಂದು, ಎರಡೇ. ಭೈರಪ್ಪನ ಬಸ್ಸು ಸಂಜೆ ಏಳಕ್ಕೆ ಮೊದಲೇ ಬರ್ತದೆ, ಬೆಳಗ್ಗೆ ಐದೂವರೆಗೆ ಹೊರಡ್ತದೆ. ಮೆಕ್ಯಾನಿಕ್ ವಿಜಯ್ ಬೆಳಗ್ಗೆ ಆರಕ್ಕೆ ಬಂದು ಚೀಟಿ ತೆಗೀತಾನೆ."

ಶೃಂಗೇರಿ ಬಸ್ಸಿನ ಡ್ರೈವರ್ ಭೈರಪ್ಪ ಮೂಲೆಯಲ್ಲಿ ತಲೆಗೆ ಟವೆಲ್ ಹೊದ್ದು ಕುಳಿತಿದ್ದ. ಸತ್ತ ತಿಮ್ಮಪ್ಪ ಅವನ ಹೆಂಡತಿಯ ತಮ್ಮ. ಮೂರು ದಿನದಿಂದ ಅವನು ಸರಿಯಾಗಿ ಊಟ ಮಾಡಿಲ್ಲವೆಂದು ವಿಜಯ್ ವೆಂಕಟರಮಣನ ಕಿವಿಯಲ್ಲಿ ಪಿಸುಗುಟ್ಟಿದ.

ಸರ್ವಮಂಗಳಮ್ಮ ಜಟ್ಟಪ್ಪನ ಹಳೆಯ ಚೀಟಿಗಳನ್ನೆಲ್ಲ ಮಗುಚಿ ನೋಡಿದರು. ಆಮೇಲೆ ಸ್ಟೇಷನ್ನಿಗೆ ಹೋಗಿ ಕೊನೆಯ ಚೀಟಿಯನ್ನೂ ಜಖಂ ಆದ ಬಸ್ಸನ್ನೂ ನೋಡಿದರು. ಹೊರಡುವ ಮುಂಚೆ ಸಬ್ ಇನ್ಸ್‌ಪೆಕ್ಟರಿಗೆ ಹೇಳಿದ್ದು ಒಂದೇ ಮಾತು: "ನಾಳೆ ಎಲ್ಲರನ್ನೂ ಶೆಡ್ಡಿಗೆ ಕರೆಸಿ. ಜಟ್ಟಪ್ಪನ್ನೂ."

ಮರುದಿನ ಕಾಲಿಗೆ ಬ್ಯಾಂಡೇಜು ಕಟ್ಟಿಸಿಕೊಂಡ ಜಟ್ಟಪ್ಪನನ್ನು ಬೆಂಚಿನ ಮೇಲೆ ಕೂರಿಸಿದರು. ಅವನು ಯಾರ ಮುಖವನ್ನೂ ನೋಡಲಿಲ್ಲ.

"ಬಿದ್ದ ಬಸ್ಸಿಗೆ ಎಡಗಡೆ ವೈಪರ್ ಇಲ್ಲ," ಸರ್ವಮಂಗಳಮ್ಮ ಶುರುಮಾಡಿದರು. "ಅದನ್ನ ಜಟ್ಟಪ್ಪ ಒಂದು ದಿನವೂ ಬಿಡದೆ ಬರೆದಿದ್ದಾನೆ. ಕೊನೇ ಚೀಟೀಲಿ ಮಾತ್ರ ವೈಪರೂ ಸರಿ. ಬಸ್ಸು ನೋಡಿದೆ, ವೈಪರ್ ಈಗಲೂ ಇಲ್ಲ. ಆ ಸಂಜೆ ಬಸ್ಸು ಎಷ್ಟು ಹೊತ್ತಿಗೆ ಬಂತು ವನಮಾಲಾ?"

"ಎಂಟೂಕಾಲು. ದಾರೀಲಿ ಲಾರಿ ಅಡ್ಡ ನಿಂತು ತಡ ಆಯ್ತು. ವಿಜಯನ್ನ ಬೈಕಲ್ಲಿ ಕಳಿಸಿದ್ದೆ. ಗೇಟು ತೆಗೆದದ್ದು ನಾನೇ."

"ಲಾರಿ ಹತ್ರ ನಾನಿದ್ದೆ," ಎಂದ ವಿಜಯ್. "ಬಸ್ಸು ದಾಟಿಸಿ ಅಲ್ಲೇ ಉಳ್ಕೊಂಡೆ."

"ಚೀಟೀಲಿ ಬಂದ ಸಮಯ ಏಳೂಹತ್ತು ಅಂತಿದೆ. ಟೈಂಟೇಬಲ್ಲಿನ ಸಮಯ ಅದು. ನಲವತ್ತು ವರ್ಷ ಮುದ್ರೆ ಒತ್ತಿದೋಳು ನಾನು, ಮೊದಲು ಕಣ್ಣು ಹೋಗೋದೇ ಸಮಯದ ಮೇಲೆ. ಬಸ್ಸು ತಡ ಆದದ್ದು ಜಟ್ಟಪ್ಪಂಗೆ ಗೊತ್ತು, ನಿಮ್ಮಿಬ್ಬರಿಗೂ ಗೊತ್ತು. ಗೊತ್ತಿಲ್ಲದೋನು ಇದನ್ನ ಬರೆದ. ಅವತ್ತು ಏಳಕ್ಕೆ ಮೊದಲೇ ಮನೆಗೆ ಹೋಗಿ, ಬೆಳಗ್ಗೆ ಐದೂವರೆ ಬಸ್ಸಿಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಬಂದೋನು." ಅವರ ದನಿ ಇಳಿಯಿತು. "ಯಾಕೆ ಹೀಗೆ ಮಾಡಿದೆ ಭೈರಪ್ಪ?"

ಭೈರಪ್ಪ ಟವೆಲನ್ನು ಬಾಯಿಗೊತ್ತಿಕೊಂಡ.

"ಇನ್ನು ಮೂರೇ ದಿನ ಇತ್ತಮ್ಮ. 'ಬ್ರೇಕ್' ಅಂತ ಓದಿದ್ದೇ ತಡ, ಬಸ್ಸು ನಿಲ್ಲಿಸ್ತಾರೆ ಅಂತ ಸಿಟ್ಟು ಬಂದು ಚೀಟೀನ ಇಲ್ಲಿನ ಚಾ ಒಲೆಗೆ ಹಾಕ್ದೆ. ಮತ್ತೆ ಎಂತದೂ ಓದ್ಲಿಲ್ಲ. ವಿಜಯ ಎರಡು ಚೀಟಿ ಹುಡುಕ್ತಾನಲ್ಲ ಅಂತ ಆಮೇಲೆ ಹೊಳೀತು, ಜಟ್ಟಪ್ಪನ ಅಕ್ಷರದ ಹಾಗೇ ಇನ್ನೊಂದು ಬರ್ದೆ. ಮೂರು ದಿನ ಹ್ಯಾಂಗೋ ಕಳೀತದೆ ಅಂದ್ಕಂಡೆ. ಆ ಬಸ್ಸಲ್ಲಿ ನಮ್ಮ ತಿಮ್ಮನೇ ಇರ್ತಾನೆ ಅನ್ನೋದು ಆ ಹೊತ್ತಿಗೆ ತಲೆಗೇ ಬರ್ಲಿಲ್ಲಮ್ಮ."

ವನಮಾಲಾ ಗೋಡೆಯ ಕಪ್ಪು ಹಲಗೆಯ ಕಡೆ ತಿರುಗಿದರು. ತಾನು ಒಳ್ಳೆಯದಕ್ಕೆಂದು ಮಾಡಿದ್ದು ಹೀಗಾಯಿತೇ ಎಂದು ಕೇಳಬೇಕೆನ್ನಿಸಿದರೂ ಕೇಳಲು ಅವರಿಗೆ ಧೈರ್ಯವಾಗಲಿಲ್ಲ. ಭೈರಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ವೆಂಕಟರಮಣ ಮನಸ್ಸಿನಲ್ಲೇ ಹೆಣಗಿದ, ಆಗಲಿಲ್ಲ.

"ಹಾಗಿದ್ರೆ ಜಟ್ಟಪ್ಪನದು ತಪ್ಪಿಲ್ಲ," ಎಂದರು ಸಬ್ ಇನ್ಸ್‌ಪೆಕ್ಟರ್.

ಸೀತಕ್ಕ ಎರಡೂ ಕೈ ಮುಗಿದಳು. ಜಟ್ಟಪ್ಪ ಮೊದಲ ಸಲ ತಲೆಯೆತ್ತಿದ.

"ಬೆಳಗ್ಗೆ ಕಾಲಿಟ್ಟಾಗ ಬ್ರೇಕ್ ಮೆತ್ತಗೇ ಇತ್ತು ಸಾರ್. ವಿಜಯ ಅಲ್ಲೇ ಹತ್ತು ಮಾರು ದೂರದಲ್ಲಿ ನಿಂತಿದ್ದ, ಕರೀಬಹುದಿತ್ತು. ಬರ್ದು ಕೊಟ್ಟಿದೀನಲ್ಲ, ನನ್ನ ಕೆಲ್ಸ ಮುಗೀತು ಅಂತ ಹೊರಟೆ."

"ಸುಮ್ನಿರಿ," ಎಂದು ಸೀತಕ್ಕ ಅವನ ತೋಳು ಹಿಡಿದಳು. ಊರಿನ ಬಾಯಿ ಮುಚ್ಚಿಸಲು ಅಷ್ಟು ದೂರ ನಡೆದು ಬಂದಿದ್ದ ಅವಳಿಗೆ ಗಂಡನ ಬಾಯಿ ಮುಚ್ಚಿಸಲಾಗಲಿಲ್ಲ.

"ಕರೀಬಹುದಿತ್ತು ಸಾರ್," ಎಂದ ಜಟ್ಟಪ್ಪ ಮತ್ತೆ. "ಅದನ್ನೂ ಬರ್ಕೊಳ್ಳಿ."