ಕೆರೆಯ ಕಡೆಯಿಂದ ಹೆಗಲು ತಟ್ಟಿದವರು

ತೊಂಬತ್ತೆಂಟರ ಚಳಿಗಾಲ. ಭಾನುವಾರ ಬೆಳಿಗ್ಗೆ ನಾನೂ ಪಕ್ಕದ ಮನೆಯ ಸಿದ್ದೇಶನೂ ಮಂಡಕಳ್ಳಿ ಹತ್ತಿರದ ಕೆರೆಗೆ ಹಕ್ಕಿ ನೋಡಲು ಹೋಗಿದ್ದೆವು. ಜೊಂಡಿನಲ್ಲಿ ಅಡಗುವ ನೀಲಿ ಕೊರಳಿನ ಹಕ್ಕಿ ಈ ಸಲವೂ ಕಾಣದಿದ್ದರೆ ದುರ್ಬೀನು ಮಾರಿಬಿಡುತ್ತೇನೆಂದು ಮನೆಯವರಿಗೆ ಮಾತು ಕೊಟ್ಟಿದ್ದೆ.

“ಮಾರೋದ್ಯಾಕಕ್ಕ? ನಂಗೇ ಕೊಟ್ಬುಡಿ,” ಎಂದು ಸಿದ್ದೇಶ ದಾರಿಯುದ್ದಕ್ಕೂ ಕಾಡಿದ.

ಹಕ್ಕಿ ನೋಡುವಾಗ ನಾವು ಮಾತಾಡುವುದಿಲ್ಲ. ಹಿಂದಿರುವವರು ಯಾವ ಹೆಗಲು ತಟ್ಟುತ್ತಾರೋ ಆ ಕಡೆ ನೋಡಬೇಕು, ಅಷ್ಟೆ. ನೀರಿನೊಳಕ್ಕೆ ಚಾಚಿದ್ದ ಬಟ್ಟೆ ಒಗೆಯುವ ಕಲ್ಲಿನ ತುದಿಯಲ್ಲಿ, ದಡದ ಜೊಂಡಿಗೆ ಮುಖ ಮಾಡಿ ನಿಂತಿದ್ದೆ. ಕೊಕ್ಕರೆಗಳ ಗದ್ದಲ ತಟ್ಟನೆ ನಿಂತಿತು. ಯಾರೋ ಎಡ ಹೆಗಲು ಮೆಲ್ಲಗೆ ತಟ್ಟಿದರು. ಬೆರಳಿನ ತಂಪು ಸ್ವೆಟರ್ ದಾಟಿ ಮೂಳೆಗಿಳಿಯಿತು. ಎಡಕ್ಕೆ ನೋಡಿದರೆ ಅಲ್ಲೇ ಕೂತಿತ್ತು, ನೀಲಿ ಕೊರಳು ಉಬ್ಬಿಸಿಕೊಂಡು!

“ದುರ್ಬೀನು ಉಳೀತು ಕಣೋ,” ಎಂದು ಪಿಸುಗುಟ್ಟಿದೆ.

“ಅಕ್ಕಾ, ಏನಾರ ಕಂಡ್ತಾ?” ಸಿದ್ದೇಶನ ಕೂಗು ದೂರದ ಏರಿಯ ಮೇಲಿಂದ ಬಂತು.

ಹಿಂತಿರುಗಿದೆ. ಬೆನ್ನ ಹಿಂದೆ ಆಳದ ನೀರು, ಒಂದು ಅಲೆಯೂ ಇಲ್ಲ. ಉಪಕಾರ ಉಪಕಾರವೇ, ನೀರಿಗೇ ಕೈಮುಗಿದು ದಡಕ್ಕೆ ಬಂದೆ. ಬಿಸಿಲಲ್ಲಿ ನಡೆದೇ ಮನೆ ಸೇರಿದರೂ, ಸ್ವೆಟರ್ ಬಿಚ್ಚುವಾಗ ಎಡ ಹೆಗಲಿನಿಂದ ಮಾತ್ರ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.