ಕೃಷ್ಣಾನಂದನ ಹೆಸರಿನಲ್ಲಿ ಸತ್ತವನು

೧೯೭೩ರ ನವೆಂಬರ್ ೧೪, ಬುಧವಾರ. ಕಾರ್ಮಿಕ ವಿಮಾ ಆಸ್ಪತ್ರೆಯ ಗುಮಾಸ್ತರೊಬ್ಬರು ಕಳಮಶ್ಶೇರಿ ಠಾಣೆಗೆ ದೂರು ತಂದರು. ಎರಕದ ಕಾರ್ಖಾನೆಯ ಕಾಯಂ ನೌಕರ ಕೃಷ್ಣಾನಂದ ಹಿಂದಿನ ದಿನ ವಾರ್ಡಿನಲ್ಲಿ ತೀರಿಕೊಂಡಿದ್ದ. ತಿಳಿಸಲೆಂದು ಕಾರ್ಖಾನೆಗೆ ಫೋನ್ ಮಾಡಿದರೆ, ಅದೇ ಕೃಷ್ಣಾನಂದ ಕುಲುಮೆಯ ಮುಂದೆ ದುಡಿಯುತ್ತಿದ್ದಾನೆ ಎಂಬ ಉತ್ತರ ಬಂತು.

ಇನ್‌ಸ್ಪೆಕ್ಟರ್ ಶಂಕರನಾರಾಯಣ ಎಫ್‌ಐಆರ್ ಬರೆಸಿ ಶವಾಗಾರಕ್ಕೆ ಹೋದರು. ಶವದ ಮೊಣಕಾಲ ಕೆಳಗೆ ಕೀವು ತುಂಬಿದ ಗಾಯವಿತ್ತು. ಮುಂಗೈ ತುಂಬ ಕಿಡಿ ಹಾರಿದ ಹಳೆಯ ಕಲೆಗಳು. ಕುಲುಮೆಯ ಕೆಲಸಗಾರನೇ ಎಂದು ಪಂಚನಾಮೆಯಲ್ಲಿ ಬರೆಸಿದರು.

ಕಾರ್ಖಾನೆಯ ಅಧಿಕಾರಿ ತಮ್ಮ ನೌಕರರೆಲ್ಲ ಹಾಜರಿದ್ದಾರೆ ಎಂದರು. ಗುತ್ತಿಗೆಯವರ ಬಗ್ಗೆ ಕೇಳಿದಾಗ ಅವರು ತಮ್ಮವರಲ್ಲ ಎಂದರು. ಕೃಷ್ಣಾನಂದ ತನ್ನ ವಿಮಾ ಕಾರ್ಡು ಕಳೆದುಹೋಗಿದೆ ಎಂದಷ್ಟೇ ಹೇಳಿ ತಲೆ ತಗ್ಗಿಸಿದ.

ಕಾನ್‌ಸ್ಟೆಬಲ್ ದಿನಕರ ಕಾರ್ಖಾನೆಯ ಹಿಂದೆ ಗುತ್ತಿಗೆಯವರು ವಾಸಿಸುವ ಶೆಡ್ಡುಗಳಲ್ಲಿ ವಿಚಾರಿಸುತ್ತ ಹೋದ. ಗಂಡಸು ಮನೆಗೆ ಬಾರದಿದ್ದದ್ದು ಒಂದೇ ಕಡೆ. ಮಂಜೇಶ್ವರದಿಂದ ಬಂದ ವೇದವತಿಯ ಗಂಡ ರಾಮದಾಸ ಕಾಲು ನೋವೆಂದು ಆಸ್ಪತ್ರೆ ಸೇರಿದ್ದ. ನೋಡಲು ಬಿಡುವುದಿಲ್ಲ, ವಾಸಿಯಾದ ಮೇಲೆ ಕರೆತರುತ್ತೇನೆ ಎಂದು ಕೃಷ್ಣಾನಂದ ಅವಳಿಗೆ ಹೇಳಿದ್ದನಂತೆ.

ಶವಾಗಾರದಲ್ಲಿ ಅವಳು ಗಂಡನ ಪಾದ ಮುಟ್ಟಿ ಬಹಳ ಹೊತ್ತು ಕುಳಿತಳು.

ಶವಪರೀಕ್ಷೆಯ ವರದಿ ಬಂತು. ಸಾವಿಗೆ ಕಾರಣ ಗಾಯವಲ್ಲ, ಮೈಗೆ ಒಗ್ಗದ ಪೆನ್ಸಿಲಿನ್. ಅದು ಅವನಿಗೆ ಒಗ್ಗದೆಂಬುದು ವೇದವತಿಗೆ ಮೊದಲೇ ಗೊತ್ತಿತ್ತು. ಊರಿನಲ್ಲಿ ಒಮ್ಮೆ ಆ ಇಂಜೆಕ್ಷನ್ ಕೊಟ್ಟಾಗ ಗಂಡನ ಮೈಯೆಲ್ಲ ಊದಿ ಉಸಿರು ಸಿಕ್ಕಿಕೊಂಡಿತ್ತು. ಮತ್ತೆಂದೂ ಕೊಡಬಾರದೆಂದು ವೈದ್ಯರು ಎಚ್ಚರಿಸಿದ್ದರು. ಆಸ್ಪತ್ರೆಯ ಡಾಕ್ಟರು ಮಾತ್ರ, ರೋಗಿ ಜ್ವರದಲ್ಲಿ ಕನವರಿಸುತ್ತಿದ್ದ, ಜೊತೆಗೆ ಬಂದ ಅಣ್ಣನನ್ನು ಕೇಳಿಯೇ ಕೊಟ್ಟೆ ಎಂದರು.

ಶನಿವಾರ ಕೃಷ್ಣಾನಂದನನ್ನು ಠಾಣೆಗೆ ಕರೆಸಿದರು. ಅವನದು ಕುಂಬಳೆಯ ಕಡೆ, ಇನ್‌ಸ್ಪೆಕ್ಟರರದು ಕಾಸರಗೋಡು. ಕನ್ನಡದಲ್ಲೇ ಕೇಳಿದರು.

"ಅಣ್ಣ ಅಂತ ಹೋದವನು ನೀನೇ ಅಲ್ವಾ?"

"ಹೌದು."

"ಡಾಕ್ಟರು ಎಂತ ಕೇಳಿದ್ರು?"

"ಈ ಇಂಜೆಕ್ಷನ್ ಮೊದಲು ಕೊಟ್ಟದ್ದುಂಟಾ ಅಂತ. ಉಂಟು, ಎಂತದೂ ಆಗ್ಲಿಲ್ಲ ಅಂದೆ."

"ಯಾರಿಗೆ ಕೊಟ್ಟದ್ದು?"

"ನನಗೆ ಸರ್. ಹೋದ ವರ್ಷ ಅಲ್ಲೇ ಕೊಟ್ಟಿದ್ರು. ಕಾರ್ಡು ನನ್ನದು, ಅವರ ದಾಖಲೆಯಲ್ಲಿ ಅದು ಬರೆದಿರ್ತದೆ, ಇಲ್ಲ ಅಂದ್ರೆ ಸಿಕ್ಕಿಬೀಳ್ತೇವೆ ಅಂತ ಹೆದರಿದೆ. ಅವನಿಗೆ ಆಗುವುದಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ."

ಸರಕಾರಿ ಆಸ್ಪತ್ರೆಯ ಜಗಲಿಯಲ್ಲಿ ಎರಡು ರಾತ್ರಿ ಮಲಗಿದರೂ ರಾಮದಾಸನಿಗೆ ಹಾಸಿಗೆ ಸಿಕ್ಕಿರಲಿಲ್ಲ. ಆರು ವರ್ಷ ಇಬ್ಬರೂ ಒಂದೇ ಕುಲುಮೆಯಿಂದ ಕಬ್ಬಿಣ ಹೊತ್ತವರು. ಕರಗಿದ ಕಬ್ಬಿಣ ಸಿಡಿದು ರಾಮದಾಸನ ಕಾಲು ಸುಟ್ಟದ್ದೂ ಇಬ್ಬರೂ ಜೊತೆಗಿದ್ದಾಗಲೇ. ಒಬ್ಬನಿಗೆ ವಿಮೆಯಿತ್ತು, ಇನ್ನೊಬ್ಬನಿಗಿರಲಿಲ್ಲ. ಕೃಷ್ಣಾನಂದ ತನ್ನ ಕಾರ್ಡು ತೆಗೆದು ಅವನ ಕೈಗಿತ್ತಿದ್ದ.

ಸುಳ್ಳು ಹೆಸರಿನ ವಂಚನೆ ಮತ್ತು ನಿರ್ಲಕ್ಷ್ಯದಿಂದಾದ ಸಾವಿನ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಸಾಕಷ್ಟು ಕಳ್ಳರನ್ನು ಹಿಡಿದಿದ್ದ ಶಂಕರನಾರಾಯಣರಿಗೆ ಈ ಬಂಧನದಿಂದ ಯಾವ ನೆಮ್ಮದಿಯೂ ಸಿಗಲಿಲ್ಲ.

ಗುತ್ತಿಗೆದಾರನನ್ನು ಕಾಣಲು ತಿರುವನಂತಪುರದ ಉಳ್ಳೂರಿಗೆ ಹೋಗಿದ್ದ ದಿನಕರ ಸೋತ ಮುಖದಿಂದ ಮರಳಿದ. ಯಾರೂ ಕಾಯಂ ಆಗದಂತೆ ಗುತ್ತಿಗೆದಾರನ ಪುಸ್ತಕದಿಂದ ಮೂರು ತಿಂಗಳಿಗೊಮ್ಮೆ ಎಲ್ಲರ ಹೆಸರು ತೆಗೆದು ಹೊಸದಾಗಿ ಸೇರಿಸುತ್ತಿದ್ದರು. ಈ ಸಲ ರಾಮದಾಸನ ಹೆಸರು ಸೇರಿಸಿರಲಿಲ್ಲ. ಅಂಥವನು ತಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ಗುತ್ತಿಗೆದಾರ ಹೇಳಿಕೆ ಕೊಟ್ಟಿದ್ದ. ಉಳಿದ ಗುತ್ತಿಗೆಯವರು ಹೆದರಿ ಬಾಯಿ ಬಿಡಲಿಲ್ಲ.

ಕೃಷ್ಣಾನಂದನನ್ನು ಜೀಪಿಗೆ ಹತ್ತಿಸುವಾಗ ವೇದವತಿ ಠಾಣೆಯ ಮೆಟ್ಟಿಲ ಬಳಿ ನಿಂತಿದ್ದಳು. ಅವಳು ಅವನನ್ನು ಬೈಯಲಿಲ್ಲ. ಇನ್‌ಸ್ಪೆಕ್ಟರರ ಬಳಿ ಬಂದು ಮೆಲ್ಲಗೆ ಕೇಳಿದಳು:

"ಇವರನ್ನೂ ಒಳಗೆ ಹಾಕಿದ್ರೆ, ನನ್ನ ಗಂಡ ಅಲ್ಲಿ ಕೆಲಸ ಮಾಡ್ತಿದ್ರು ಅಂತ ಹೇಳ್ಳಿಕ್ಕೆ ಇನ್ನು ಯಾರುಂಟು ಸರ್?"

ಚಾಲಕ ಜೀಪು ಚಾಲೂ ಮಾಡಿ ಕಾಯುತ್ತಿದ್ದ. ಶಂಕರನಾರಾಯಣ ಹತ್ತಿ ಕುಳಿತರು.